ಮುನಿರಾಬಾದ್ ಹಿನ್ನೀರಿಗೆ 16 ಅಡಿ ಫೈಬರ್ ದೋಣಿ: ಖರೀದಿಯಿಂದ ಟ್ರಾನ್ಸಮ್ ಬದಲಾವಣೆವರೆಗೆ

ಕರಾವಳಿಯಲ್ಲಿ ಕೊಂಡ ಹಳೇ ಫೈಬರ್ ದೋಣಿ ಈಗ ತುಂಗಭದ್ರಾ ಅಣೆಕಟ್ಟಿನ ಪಕ್ಕದ ಮುನಿರಾಬಾದ್‌ನ ಶೆಡ್ಡಿನಲ್ಲಿದೆ. ಉದ್ದ 16 ಅಡಿ, ನಡು ಅಗಲ 5 ಅಡಿ, ಎಂಜಿನ್ ಬಿಚ್ಚಿದ ಮೇಲೆ ತೂಕ 210 ಕೆಜಿ. ತಳ ಗಟ್ಟಿ, ಪಕ್ಕ ಗಟ್ಟಿ. ಎಂಜಿನ್ ಕೂರುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಒಳಗಿನಿಂದ ಕೊಳೆತಿತ್ತು. ಅದು ಗೊತ್ತಿದ್ದೇ ಬೆಲೆ ಮಾತಾಡಿದ್ದು. ಈ ಬರಹದ ಬಹುಪಾಲು ಆ ಟ್ರಾನ್ಸಮ್‌ದೇ, ಯಾಕಂದರೆ ಹಳೇ ಫೈಬರ್ ದೋಣಿ ಕೊಳ್ಳುವವರ ದುಡ್ಡು ಹೋಗುವುದು ಅಲ್ಲೇ.

ಕೊಳ್ಳುವ ಮುಂಚೆ

ಮಾರುವವರು ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಎಂಜಿನ್ ಕೊನೆಗೆ ನೋಡಿದರೆ ಸಾಕು. ಅದು ಕೆಟ್ಟರೆ ಬೇರೆ ತರಬಹುದು, ದೋಣಿ ಕೆಟ್ಟಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ತಳವನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ ಬರುತ್ತದೆ, ಪದರ ಬಿಟ್ಟಲ್ಲಿ ಮಂದವಾಗಿ 'ದಬ್' ಎನ್ನುತ್ತದೆ. ಮಂದ ಸದ್ದು ಬಂದ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರೆ ಹಾಳಾದದ್ದು ಎಷ್ಟೆಂದು ಕಣ್ಣಿಗೇ ಕಾಣುತ್ತದೆ. ಬೊಬ್ಬೆ ಎದ್ದಿದ್ದರೆ ಒಂದನ್ನು ಚುಚ್ಚಿ ಮೂಸಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆಯ ನೀರು ಬಂದರೆ ರೆಸಿನ್ (ಗಾಜಿನೆಳೆಗಳನ್ನು ಹಿಡಿದಿಡುವ ಅಂಟು) ಒಳಗೇ ನೀರು ಕುಡಿದಿದೆ ಎಂದರ್ಥ. ನಾಲ್ಕೈದು ಬೊಬ್ಬೆ ಇದ್ದರೆ ಉಜ್ಜಿ ತುಂಬಬಹುದು, ತಳದ ತುಂಬ ಇದ್ದರೆ ಆ ದೋಣಿ ಬೇಡ.

ಟ್ರಾನ್ಸಮ್ ಪರೀಕ್ಷೆಗೆ ಎಂಜಿನ್ ಟ್ರಾನ್ಸಮ್ ಮೇಲೇ ಇದ್ದಂತೆ ಓಡಿಸುವ ಭಂಗಿಗೆ ಇಳಿಸಿ, ಅದರ ತಲೆ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಬೇಕು. ಟ್ರಾನ್ಸಮ್ ಪಕ್ಕದ ಗೋಡೆಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ತೆರೆದು ಮುಚ್ಚಿದರೆ ಒಳಗಿನ ಪ್ಲೈವುಡ್ ಹೋಗಿದೆ. ಮಾರುವವರು ಒಪ್ಪಿದರೆ ಒಳಬದಿಯಿಂದ ತಳಕ್ಕೆ ಹತ್ತಿರ 5 ಮಿ.ಮೀ. ಡ್ರಿಲ್‌ನಲ್ಲಿ ಮೂರು ತೂತು ಹಾಕಿ ಹುಡಿ ನೋಡಿ. ಒಣಗಿದ ತಿಳಿ ಹಳದಿ ಹುಡಿ ಬಂದರೆ ಒಳ್ಳೆಯದು. ನಮ್ಮ ದೋಣಿಯಲ್ಲಿ ಮೂರರಲ್ಲೂ ಒದ್ದೆ ಕಾಫಿ ಚರಟದಂಥ ಕಪ್ಪು ಹುಡಿ ಬಂತು, ನಡುವಿನ ತೂತಿನಿಂದ ನೀರೂ ತೊಟ್ಟಿಕ್ಕಿತು.

ಸಾಗಣೆಯ ವಿಷಯ ಚಿಕ್ಕದು. ಅಂಕೋಲಾದಿಂದ ಅರಬೈಲ್ ಘಾಟ್ ಹತ್ತಿ ಹುಬ್ಬಳ್ಳಿ, ಅಲ್ಲಿಂದ ಗದಗ, ಕೊಪ್ಪಳ. ದೋಣಿಯ ನಡುಗೆರೆಯ ಕೆಳಗೆ ಮೂರು ಕಡೆ ಹಳೇ ಟೈರ್ ಇಟ್ಟು, ಎರಡು ಅಂಚುಗಳ ನಡುವೆ ಅಡ್ಡ ಬಿದಿರು ಕೊಟ್ಟು, ಆಮೇಲೆ ಹಗ್ಗ ಬಿಗಿಯಬೇಕು. ಅಡ್ಡ ಬಿದಿರಿಲ್ಲದೆ ಬಿಗಿದರೆ ಘಾಟಿನ ಕುಲುಕಾಟಕ್ಕೆ ಅಂಚು ಒಳಕ್ಕೆ ಎಳೆದುಕೊಂಡು ಸೀಳುತ್ತದೆ.

ಟ್ರಾನ್ಸಮ್: ಬಿಚ್ಚಿದ್ದು

ಕಟರ್ ಮುಟ್ಟುವ ಮುಂಚೆ ಎರಡು ಅಳತೆ ಬರೆದಿಡಬೇಕು. ಒಂದು, ತಳಕ್ಕೆ ಟ್ರಾನ್ಸಮ್ ಇರುವ ವಾಲು. ಸಾಮಾನ್ಯವಾಗಿ ಅದು ನೆಟ್ಟಗಿನಿಂದ 12ರಿಂದ 15 ಡಿಗ್ರಿ ಹಿಂದಕ್ಕಿರುತ್ತದೆ. ಇನ್ನೊಂದು, ನಡುಗೆರೆಯಲ್ಲಿ ತಳದಿಂದ ಮೇಲಂಚಿಗೆ ಇರುವ ಎತ್ತರ. ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್‌ಗೆ 15 ಇಂಚು, ಲಾಂಗ್ ಶಾಫ್ಟ್‌ಗೆ (ಉದ್ದ ಕಾಲಿನದಕ್ಕೆ) 20 ಇಂಚು ಬೇಕು. ಒಳಗೋಡೆ ಕತ್ತರಿಸಿದ ಮೇಲೆ ಹೊರಗೋಡೆ ತೆಳ್ಳಗಾಗಿ ಬಾಗುತ್ತದೆ, ಆಗ ಅಳೆದರೆ ತಪ್ಪು ಅಳತೆಯೇ ಸಿಗುವುದು. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಗೋಡೆಗೆ ನೇತುಹಾಕಿದ್ದು ಕೊನೆವರೆಗೂ ಕೆಲಸಕ್ಕೆ ಬಂತು.

ಒಳಗೋಡೆಯ ದಪ್ಪ 4 ಮಿ.ಮೀ. ಗ್ರೈಂಡರ್ ಬ್ಲೇಡ್ ಅಷ್ಟೇ ಆಳಕ್ಕೆ ಇಳಿಯುವಂತೆ ಮರದ ತುಂಡೊಂದನ್ನು ತಡೆಯಾಗಿ ಕಟ್ಟಿ, ಸುತ್ತಲೂ 3 ಇಂಚು ಅಂಚು ಬಿಟ್ಟು ಕತ್ತರಿಸಿದ್ದಾಯಿತು. ಹೊರಗೋಡೆಯನ್ನು ಹಾಗೇ ಉಳಿಸಿಕೊಳ್ಳಬೇಕು, ಹೊಸ ಪ್ಲೈಗೆ ಅದೇ ಅಚ್ಚು. ಕೊಳೆತ ಪ್ಲೈ ಮೇಲ್ಭಾಗದಲ್ಲಿ ಉಳಿಗೆ ಬಗ್ಗಲಿಲ್ಲ, ಕೆಳಭಾಗದಲ್ಲಿ ಕೈಯಿಂದಲೇ ಕಿತ್ತು ಬಂತು. ನೀರು ಒಳಹೊಕ್ಕ ದಾರಿ ಆಗ ಸ್ಪಷ್ಟವಾಯಿತು: ನೀರು ಬಸಿಯುವ ಪ್ಲಗ್ಗಿನ ತೂತು ಮತ್ತು ಎಂಜಿನ್ ಬೋಲ್ಟಿನ ಕೆಳಗಿನೆರಡು ತೂತು. ಮೂರರಲ್ಲೂ ಬರಿಯ ಪ್ಲೈ ತೆರೆದೇ ಇತ್ತು, ರೆಸಿನ್ ಸವರಿರಲಿಲ್ಲ.

ಒಣಗಿಸುವುದಕ್ಕೆ ಕೊಪ್ಪಳದ ಬೇಸಿಗೆಗಿಂತ ಒಳ್ಳೇ ಕಾಲವಿಲ್ಲ. ಆದರೂ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು. ಒಂದಡಿ ಪಾಲಿಥಿನ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿ ಬಿಟ್ಟು, ಬೆಳಗ್ಗೆ ಅದರ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಒಣಗಿದ ಮೇಲೆ 36 ನಂಬರ್ ಡಿಸ್ಕ್‌ನಲ್ಲಿ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಬೇಕು. ಹಳೇ ಫೈಬರಿಗೆ ಹೊಸ ಪಾಲಿಯೆಸ್ಟರ್ ರೆಸಿನ್ ಹಿಡಿಯುವುದು ಗೀರುಗಳ ಬಲದಿಂದಲೇ. ಹೊಳಪು ಉಳಿದಲ್ಲಿ ಪದರ ಚಕ್ಕೆಯಾಗಿ ಎದ್ದು ಬರುತ್ತದೆ.

ಟ್ರಾನ್ಸಮ್: ಕಟ್ಟಿದ್ದು

ಪ್ಲೈ: ಐಎಸ್ 710 ಗುರುತಿನ ಮರೈನ್ ಪ್ಲೈ, 18 ಮಿ.ಮೀ.ದು ಎರಡು ಹಾಳೆ. ಹೊರಗೋಡೆ, ಒಳಗೋಡೆ ಎಲ್ಲ ಸೇರಿ ಒಟ್ಟು ದಪ್ಪ 47 ಮಿ.ಮೀ. ಆಸುಪಾಸು ಬರುತ್ತದೆ. ಎಂಜಿನ್ನಿನ ಕ್ಲ್ಯಾಂಪ್ ಎಷ್ಟು ಅಗಲ ತೆರೆಯುತ್ತದೆ ಎಂದು ಮೊದಲೇ ಅಳೆದು ದಪ್ಪ ತೀರ್ಮಾನಿಸಬೇಕು.

ಮ್ಯಾಟ್ ಮತ್ತು ರೆಸಿನ್ ಲೆಕ್ಕ ಹೀಗೆ. ಪಕ್ಕಕ್ಕೆ ಹತ್ತಿಸುವ ಅಂಚೂ ಸೇರಿ ಒಳಗೋಡೆ 1.1 ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಮ್ಯಾಟ್ (ತುಂಡು ಗಾಜಿನೆಳೆಗಳ ಹಾಸು) ಮೂರು ಪದರ, ನಡುನಡುವೆ 610 ಗ್ರಾಂ ವೋವನ್ ರೋವಿಂಗ್ (ಗಾಜಿನೆಳೆ ನೇಯ್ದ ಬಟ್ಟೆ) ಎರಡು ಪದರ. ಮ್ಯಾಟ್‌ನ ತೂಕದ ಎರಡೂವರೆ ಪಟ್ಟು ರೆಸಿನ್ ಬೇಕು, ರೋವಿಂಗ್‌ಗೆ ಅದರಷ್ಟೇ ತೂಕ ಸಾಕು. ಅಲ್ಲಿಗೆ 5 ಕೆಜಿ. ಪ್ಲೈ ಅಂಟಿಸುವ ಎರಡು ಮ್ಯಾಟ್ ಪದರಕ್ಕೆ ಸುಮಾರು 1.6 ಕೆಜಿ, ಮೂಲೆ ತುಂಬುವ ಪೇಸ್ಟಿಗೆ 2 ಕೆಜಿ. ಒಟ್ಟು 9 ಕೆಜಿ ಒಳಗೆ ಮುಗಿಯುತ್ತದೆ. ಮಗ್ಗಿನಲ್ಲೇ ಗಟ್ಟಿಯಾಗಿ ಹಾಳಾಗುವುದಕ್ಕೂ ಸೇರಿಸಿ 12 ಕೆಜಿ ತಂದದ್ದು.

ಅಂಟಿಸುವ ಕ್ರಮ: ಪ್ಲೈಯ ಅಂಚುಗಳಿಗೆ ಶೇ. 10 ಸ್ಟೈರೀನ್ ಬೆರೆಸಿ ತೆಳ್ಳಗಾಗಿಸಿದ ರೆಸಿನ್ ಕುಡಿಸಿ ಒಣಗಿಸಿ. ಹೊರಗೋಡೆಯ ಒಳಮೈಗೆ ಒದ್ದೆ ಮ್ಯಾಟ್ ಒಂದು ಪದರ, ಅದರ ಮೇಲೆ ಟಾಲ್ಕ್ ಕಲಸಿದ ರೆಸಿನ್ ಪೇಸ್ಟ್, ಆಮೇಲೆ ಮೊದಲ ಪ್ಲೈ. ಪ್ಲೈಗೆ ಮುಂಚೆಯೇ 6 ಮಿ.ಮೀ. ತೂತುಗಳನ್ನು ಗೇಣಿಗೊಂದರಂತೆ ಹಾಕಿರಬೇಕು. ಒತ್ತಿದಾಗ ಆ ತೂತುಗಳಿಂದ ಪೇಸ್ಟ್ ಹುಳದಂತೆ ಉಕ್ಕಿ ಬಂದರೆ ಒಳಗೆ ಗಾಳಿ ಉಳಿದಿಲ್ಲ. ಯಾವ ತೂತಿನಿಂದ ಬರಲಿಲ್ಲವೋ ಅಲ್ಲಿ ಪೊಳ್ಳಿದೆ, ನೀರು ಸೇರುವ ಮುಂದಿನ ಜಾಗ ಅದೇ. ಬಲಬದಿಯ ಕೆಳಮೂಲೆಯಲ್ಲಿ ಎರಡು ತೂತು ಒಣಗೇ ಉಳಿದವು, ಪ್ಲೈ ಎತ್ತಿ ಮತ್ತೆ ಪೇಸ್ಟ್ ಹಾಕಬೇಕಾಯಿತು. ಒತ್ತಡಕ್ಕೆ ಒಳಗೂ ಹೊರಗೂ ಅಡ್ಡ ರೀಪರ್ ಕೊಟ್ಟು, ಮೇಣ ಸವರಿದ ಬೋಲ್ಟ್ ಹಾಯಿಸಿ ಬಿಗಿಯಬೇಕು. ವಾಲು ಸರಿಯಿದೆಯೇ ಎಂದು ರಟ್ಟಿನ ಅಚ್ಚು ಹಿಡಿದು ನೋಡಬೇಕಾದ್ದು ಈಗಲೇ, ಗಟ್ಟಿಯಾದ ಮೇಲಲ್ಲ.

ಒಳಮೂಲೆಗಳಿಗೆ 20ರಿಂದ 25 ಮಿ.ಮೀ. ದುಂಡಗಿನ ಪೇಸ್ಟ್ ತುಂಬಿ, ಆಮೇಲೆ ಮ್ಯಾಟ್. ಮ್ಯಾಟ್ ಚೂಪು ಮೂಲೆಯಲ್ಲಿ ಬಾಗುವುದಿಲ್ಲ, ಹಿಂದೆ ಗಾಳಿ ಬಿಟ್ಟುಕೊಂಡು ನಿಲ್ಲುತ್ತದೆ. ಪ್ರತಿ ಪದರವೂ ಹಿಂದಿನದಕ್ಕಿಂತ ಒಂದು ಇಂಚು ಮುಂದಕ್ಕೆ ಚಾಚಲಿ, ಎಲ್ಲ ಅಂಚೂ ಒಂದೇ ಗೆರೆಯಲ್ಲಿ ನಿಂತರೆ ಮುಂದೆ ಬಿರುಕು ಅಲ್ಲೇ ಏಳುತ್ತದೆ.

ಬಿಸಿಲು ಮತ್ತು ಹಾರ್ಡನರ್

ಕರಾವಳಿಯವರು ಹೇಳುವ ಪ್ರಮಾಣ ನಮ್ಮಲ್ಲಿ ನಡೆಯದು. ಅವರು ಶೇ. 1.5ರಿಂದ 2 ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಹಾಕಿ ಕೆಲಸ ಮಾಡುತ್ತಾರೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕೊಪ್ಪಳದಲ್ಲಿ ಅಷ್ಟು ಹಾಕಿದರೆ ಬ್ರಷ್ ಅದ್ದುವಷ್ಟರಲ್ಲಿ ಮಗ್ಗು ಹೊಗೆಯಾಡುತ್ತದೆ. ಶೇ. 1, ಅಂದರೆ ಕೆಜಿಗೆ ಸುಮಾರು 10 ಎಂಎಲ್, ಸಾಕು. ಡಬ್ಬಿಯ ಮೇಲೆ ತಯಾರಕರು ಬರೆದ ಕನಿಷ್ಠಕ್ಕಿಂತ ಕೆಳಗಿಳಿಸಬಾರದು, ಇಳಿಸಿದರೆ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಮೆತ್ತಗೇ ಉಳಿಯುತ್ತದೆ. ಹಾರ್ಡನರ್ ಕಡಿಮೆ ಮಾಡುವುದಕ್ಕಿಂತ ಸಮಯ ಬದಲಿಸುವುದೇ ಮೇಲು: ಬೆಳಕು ಹರಿಯುತ್ತಲೇ ಶುರು, ಒಂಬತ್ತಕ್ಕೆ ಬಂದ್. ರೆಸಿನ್ ಕ್ಯಾನನ್ನು ಹಿಂದಿನ ರಾತ್ರಿ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿಡಿ. ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಮಗ್ಗಿನಲ್ಲಿ ಬಿಡದೆ ಅಗಲ ಟ್ರೇಗೆ ಸುರಿಯಿರಿ. ಗುಡ್ಡೆಯಾಗಿ ಇದ್ದಷ್ಟೂ ಬಿಸಿ ಏರಿ ಬೇಗ ಗಟ್ಟಿಯಾಗುತ್ತದೆ. ಒಂದೇ ಸಲಕ್ಕೆ ಮೂರು ಪದರ ಮೀರಬಾರದು.

ಜೀವಕ್ಕೆ ಸಂಬಂಧಿಸಿದ ಮಾತು: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ದ್ರವ) ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಸೇರಿದರೆ ಸಿಡಿಯುತ್ತದೆ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೊಳ್ಳುವುದು ಒಳ್ಳೆಯದು. ಬೇರೆಬೇರೆ ತಂದರೆ ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಹಾರ್ಡನರ್, ಎರಡಕ್ಕೂ ಬೇರೆ ಅಳತೆ ಲೋಟ. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ, ಕನ್ನಡಕ ತೆಗೆಯಲೇಬಾರದು. ಬಿದ್ದರೆ ಕೂಡಲೇ 15 ನಿಮಿಷ ನೀರು ಹಾಯಿಸಿ ಆಸ್ಪತ್ರೆಗೆ ಹೋಗಬೇಕು.

ಬೋಲ್ಟ್ ತೂತು

ಹಳೇ ಪ್ಲೈ ಕೊಳೆತದ್ದು ತೂತುಗಳಿಂದ, ಹಾಗಾಗಿ ಇಲ್ಲಿ ಅವಸರ ಮಾಡಲಿಲ್ಲ. 10 ಮಿ.ಮೀ. ಬೋಲ್ಟಿಗೆ ಮೊದಲು 20 ಮಿ.ಮೀ. ತೂತು ಕೊರೆದು, ಹೊರಗಿನ ಬಾಯಿಗೆ ಟೇಪ್ ಹಚ್ಚಿ, ಗಟ್ಟಿ ಪೇಸ್ಟ್ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ 10.5 ಮಿ.ಮೀ. ಕೊರೆಯುವುದು. ಇನ್ನು ಬೋಲ್ಟಿನ ಸುತ್ತ ನೀರು ಸೋರಿದರೂ ಪ್ಲೈ ಮುಟ್ಟುವುದಿಲ್ಲ. ಬಸಿಯುವ ಪ್ಲಗ್ಗಿಗೂ ಇದೇ ಕ್ರಮ. ಸೀಲೆಂಟ್ ಪಾಲಿಯುರೆಥೇನ್‌ದು. ಸಿಲಿಕೋನ್ ಬೇಡ, ಅದರ ಜಿಡ್ಡಿನ ಮೇಲೆ ಮುಂದೆ ಬಣ್ಣವೂ ರೆಸಿನ್ನೂ ಹಿಡಿಯುವುದಿಲ್ಲ.

ಮುಳುಗದಂತೆ ಫೋಮ್

ಫೈಬರಿನ ಸಾಂದ್ರತೆ ಸುಮಾರು 1.5, ಆದ್ದರಿಂದ ನೀರು ತುಂಬಿದ ದೋಣಿ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಕೆಳಕ್ಕೆ ಜಗ್ಗುತ್ತದೆ: 210 ಕೆಜಿಗೆ 70. ಎಂಜಿನ್ನಿಗೆ 20, ಲಂಗರು ಮತ್ತು ಸಾಮಾನಿಗೆ 13, ಅಂಚು ಹಿಡಿದು ನೇತಾಡುವ ಮೂವರಿಗೆ 40. ಒಟ್ಟು 143 ಕೆಜಿ. ಒಂದು ಲೀಟರ್ ಫೋಮ್ ಹೆಚ್ಚುಕಡಿಮೆ 0.96 ಕೆಜಿ ಎತ್ತುತ್ತದೆ, ಅಂದರೆ ಕನಿಷ್ಠ 150 ಲೀಟರ್. 180 ಹಾಕುವುದೆಂದು ತೀರ್ಮಾನ. ಥರ್ಮೋಕೋಲ್ ಉಪಯೋಗಿಸಬೇಡಿ, ರೆಸಿನ್ನಿನ ಸ್ಟೈರೀನ್ ತಾಗಿದರೆ ಕರಗಿ ಹೋಗುತ್ತದೆ. ಕೋಲ್ಡ್ ಸ್ಟೋರೇಜ್‌ನ ಪಫ್ ಪ್ಯಾನಲ್ ತುಂಡು ಕತ್ತರಿಸಿ, ಪಾಲಿಥಿನ್‌ನಲ್ಲಿ ಸುತ್ತಿ, ಹಿಂದಿನ ಎರಡು ಮೂಲೆಗೂ ಪಕ್ಕದ ಅಂಚಿನ ಕೆಳಗೂ ಹೆಚ್ಚು ಇಡಬೇಕು. ಎಲ್ಲ ಫೋಮ್ ನೆಲದ ಕೆಳಗೇ ಇಟ್ಟರೆ ನೀರು ತುಂಬಿದ ದೋಣಿ ಮಗುಚಿ ತೇಲುತ್ತದೆ.

ಎಂಜಿನ್ ಮತ್ತು ಜಾಲಿ ಮೊಂಡು

8 ಎಚ್‌ಪಿ ಟೂ ಸ್ಟ್ರೋಕ್, ಶಾರ್ಟ್ ಶಾಫ್ಟ್. ಎರಡೂ ಸಿಲಿಂಡರಿನ ಕಂಪ್ರೆಷನ್ ಶೇ. 10ರ ಒಳಗೆ ಸಮನಾಗಿದೆ. ಗೇರ್ ಆಯಿಲ್ ಬಿಚ್ಚಿದಾಗ ಹಾಲಿನ ಬಣ್ಣ ಬಂತು, ಅಂದರೆ ನೀರು ಸೇರಿದೆ. ಫ್ಯಾನ್ (ನೀರೊಳಗಿನ ಪ್ರೊಪೆಲ್ಲರ್) ಕಳಚಿದರೆ ಕಾರಣ ಸಿಕ್ಕಿತು: ಶಾಫ್ಟಿಗೆ ಸುತ್ತಿಕೊಂಡಿದ್ದ ನೈಲಾನ್ ಬಲೆಯ ದಾರ ಸೀಲ್ ಕೊಯ್ದಿತ್ತು. ಬಲೆ ಸಿಕ್ಕಿದಾಗಲೆಲ್ಲ ಫ್ಯಾನ್ ಬಿಚ್ಚಿ ಒಳಗೆ ನೋಡಲೇಬೇಕು. ಹೊರಗಿನ ದಾರ ಕತ್ತರಿಸಿದರೆ ಸಾಲದು. ಸೀಲ್, ಎಂಜಿನ್ ತಂಪಾಗಿಸುವ ನೀರೆಳೆಯುವ ಇಂಪೆಲ್ಲರ್ ಎರಡೂ ಹೊಸದು. ಪರೀಕ್ಷೆಗೆ 200 ಲೀಟರ್ ಡ್ರಮ್ಮಿನಲ್ಲಿ ಇಳಿಸಿ ಓಡಿಸಿದ್ದು. ನೀರಿಲ್ಲದೆ ಓಡಿಸಿದರೆ ಇಂಪೆಲ್ಲರ್ ಸುಟ್ಟುಹೋಗುತ್ತದೆ. 10 ಲೀಟರ್ ಪೆಟ್ರೋಲ್‌ಗೆ 200 ಎಂಎಲ್ ಔಟ್‌ಬೋರ್ಡ್ ಆಯಿಲ್. ಬೈಕಿನ ಟೂಟಿ ಆಯಿಲ್ ಬೇಡ. ನೀರಿನಿಂದ ತಂಪಾಗುವ ಎಂಜಿನ್‌ನಲ್ಲಿ ಅದರ ಬೂದಿ ಪ್ಲಗ್ಗಿಗೂ ರಿಂಗಿಗೂ ಹಿಡಿಯುತ್ತದೆ.

ತುಂಗಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ, ಹರವು 378 ಚದರ ಕಿ.ಮೀ. ಬೇಸಿಗೆಯಲ್ಲಿ ನೀರು ಇಳಿದ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆ, ಜುಲೈ-ಆಗಸ್ಟ್‌ನಲ್ಲಿ ನೀರು ಏರಿದಾಗ ಅದೆಲ್ಲ ಒಂದೆರಡು ಅಡಿ ಕೆಳಗೆ ಕಾಣದಂತೆ ನಿಂತಿರುತ್ತದೆ. ಪುಟ್ಟಿಯಲ್ಲಿ (ದುಂಡನೆಯ ಹರಿಗೋಲು) ಬಲೆ ಹಾಕುವವರ ಸಲಹೆ ನೇರ: 'ಜಾಲಿ ಇದ್ದಲ್ಲಿ ಎಂಜಿನ್ ಎತ್ತಿ ಹುಟ್ಟು ಹಾಕ್ರಿ.' ಆ ಜಾಗಕ್ಕೆ ಇವತ್ತಿಗೂ ಪುಟ್ಟಿಯೇ ಸರಿ ಎಂಬುದು ನಮ್ಮ ಅಭಿಪ್ರಾಯವೂ ಹೌದು. ಮುಂದಕ್ಕೆ ಓಡಿಸುವಾಗ ಎಂಜಿನ್ನಿನ ಟಿಲ್ಟ್ ಲಾಕ್ ಬಿಚ್ಚಿರಬೇಕು, ಮೊಂಡಿಗೆ ತಗುಲಿದರೆ ಎಂಜಿನ್ನಿನ ಕಾಲು ತಾನೇ ಮೇಲಕ್ಕೆ ಒದ್ದುಕೊಳ್ಳುತ್ತದೆ. ಲಾಕ್ ಹಾಕಿದ್ದರೆ ಆ ಪೆಟ್ಟೆಲ್ಲ ಹೊಸ ಟ್ರಾನ್ಸಮ್‌ಗೇ ಬೀಳುತ್ತದೆ. ರಿವರ್ಸ್‌ಗೆ ಮಾತ್ರ ಲಾಕ್.

ದಡವೂ ಒಂದೇ ಜಾಗದಲ್ಲಿರುವುದಿಲ್ಲ, ನೀರು ಇಳಿದಂತೆ ಎರೆಮಣ್ಣಿನ ಕೆಸರು ದಾಟಬೇಕು. ಟ್ರೇಲರ್ ಗಾಲಿ ಹೂತುಹೋಗುತ್ತದೆ. 4 ಇಂಚಿನ ದಪ್ಪ ಪಿವಿಸಿ ಪೈಪ್ ತುಂಡು ನಾಲ್ಕು, ಕೆಳಗೆ ಎರಡು ಹಲಗೆ, ಇಷ್ಟಿದ್ದರೆ ನಾಲ್ಕು ಜನ ತಳ್ಳಬಹುದು.

ಬಾಕಿ ಉಳಿದದ್ದು

ಫೋಮ್ ಕೂರಿಸುವುದು, ತಳಕ್ಕೆ ಬಣ್ಣ, ಕಾಗದಪತ್ರ. ಎಂಜಿನ್ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿ ಬೇಕು, ಮೀನು ಹಿಡಿಯಲು ಪರವಾನಗಿ ಬೇರೆ. ಅಣೆಕಟ್ಟಿನ ಕೆಳಗಿನ ನದಿಗೆ ಈ ದೋಣಿ ಇಳಿಸುವುದಿಲ್ಲ. ಅಲ್ಲಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಮೊದಲ ಸಲ ನೀರಿಗಿಳಿಸಿದಾಗ ನೋಡಬೇಕಾದ್ದು ಎಂಜಿನ್ನಿನ ಎತ್ತರ: ಫ್ಯಾನಿನ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದು ಇಂಚು ಕೆಳಗಿರಬೇಕು. ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದು ಎಂಜಿನ್ ಚೀರಿದರೆ ಟ್ರಾನ್ಸಮ್ ಮೇಲಂಚನ್ನು ಅರ್ಧರ್ಧ ಇಂಚು ಇಳಿಸುತ್ತ ಹೋಗುವುದು, ಪ್ರತಿ ಸಲ ಕತ್ತರಿಸಿದ ಅಂಚಿಗೆ ಆಗಲೇ ರೆಸಿನ್ ಕುಡಿಸುವುದು.