ದಸರಾ ವಾರದ ಲೆಕ್ಕ ಬೇರೆ, ಜುಲೈ ತಿಂಗಳ ಲೆಕ್ಕ ಬೇರೆ

ಮೈಸೂರಿನ ಧನ್ವಂತರಿ ರಸ್ತೆ, ಸಬರ್ಬನ್ ಬಸ್ ಸ್ಟ್ಯಾಂಡ್ ಆಸುಪಾಸಿನ ಕೆಲವು ಲಾಡ್ಜ್‌ಗಳ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಜಿಎಸ್‌ಟಿ ರಿಟರ್ನ್ ಹಾಕುವುದು, ಬುಕಿಂಗ್ ಆ್ಯಪ್‌ಗಳಿಂದ ಬಂದ ದುಡ್ಡು ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ತಾಳೆ ಆಗುತ್ತಾ ನೋಡುವುದು, ಇದೇ ದಿನದ ಕೆಲಸ. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದವಳು. ಹಾಗಾಗಿ ದೊಡ್ಡ ಕಂಪನಿಗಳು ಸ್ಪರ್ಧೆ ಕೆಡಿಸದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದ, ಅಂದರೆ ಸಿಸಿಐನ ಆದೇಶಗಳು ಬಂದಾಗ ಬಿಡದೆ ಓದುತ್ತೇನೆ. ಅದರಲ್ಲಿ ಒಂದು ನಮ್ಮ ಲಾಡ್ಜ್‌ಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಮಾಲೀಕರ ಹತ್ತಿರ ಬಾಯಿಮಾತಲ್ಲಿ ಹೇಳುತ್ತಲೇ ಇದ್ದೇನೆ, ಇವತ್ತು ಕೂತು ಬರೆಯುತ್ತಿದ್ದೇನೆ.

2022ರ ಅಕ್ಟೋಬರ್ 19ರಂದು ಸಿಸಿಐ ಬುಕಿಂಗ್ ಆ್ಯಪ್ ನಡೆಸುವ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಮರುದಿನವೇ ಗೂಗಲ್‌ಗೆ ಆ್ಯಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ದಂಡ ಬಿತ್ತು. ಪೇಪರ್‌ಗಳಲ್ಲಿ ಗೂಗಲ್ ಸುದ್ದಿಯೇ ತುಂಬಿಹೋಯಿತು, ಹೋಟೆಲ್ ಆದೇಶ ಮೂಲೆ ಸೇರಿತು. ನನಗೆ ಮಾತ್ರ ಹೋಟೆಲ್ ಆದೇಶವೇ ದೊಡ್ಡದು. ಯಾಕೆಂದರೆ ಅದರಲ್ಲಿ ಆಯೋಗ ಮೇಕ್‌ಮೈಟ್ರಿಪ್‌ನ ರೇಟ್ ಪಾರಿಟಿ ಷರತ್ತನ್ನು ತಪ್ಪು ಅಂದಿತು.

ರೇಟ್ ಪಾರಿಟಿ ಲಾಡ್ಜ್ ನಡೆಸುವವರಿಗೆ ಹೊಸದಲ್ಲ. ನಮ್ಮ ಆ್ಯಪ್‌ನಲ್ಲಿ ಹಾಕಿದ ರೇಟಿಗಿಂತ ಕಮ್ಮಿಗೆ ಬೇರೆ ಎಲ್ಲೂ ರೂಮ್ ಕೊಡಬೇಡಿ, ಅಷ್ಟೇ ಷರತ್ತು. ಕೇಳಿದರೆ ಏನೂ ಅನ್ನಿಸುವುದಿಲ್ಲ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ರೂಮ್ ಬಾಡಿಗೆ 2,000 ರೂಪಾಯಿ, ಆ್ಯಪ್ ಕಮಿಷನ್ ಶೇ 20 ಅಂತ ಇಟ್ಟುಕೊಳ್ಳಿ. ಕಮಿಷನ್ 400. ಅದರ ಮೇಲೆ ಶೇ 18 ಜಿಎಸ್‌ಟಿ, 72. ಲಾಡ್ಜ್ ಕೈಗೆ ಉಳಿಯುವುದು 1,528. ಮೊದಲಾದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಆ 72 ರೂಪಾಯಿ ಕಳೆದು, ಉಳಿದದ್ದನ್ನಷ್ಟೇ ಕಟ್ಟಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮ್‌ಗಳಿಗೆ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು, ಜೊತೆಗೆ ಹೀಗೆ ಕಳೆಯುವ ಅವಕಾಶ, ಅಂದರೆ ಇನ್‌ಪುಟ್ ಕ್ರೆಡಿಟ್, ಹೋಯಿತು. ಗಿರಾಕಿಗೆ ಒಳ್ಳೆಯದೇ ಆಯಿತು. ಆದರೆ ಆ 72 ರೂಪಾಯಿ ಈಗ ಪೂರ್ತಿ ನಮ್ಮ ಖರ್ಚು.

ಈಗ ಹೊಸದೊಂದು ಆ್ಯಪ್ ಬಂತು, ಶೇ 10 ಕಮಿಷನ್ ಸಾಕು ಅನ್ನುತ್ತದೆ ಅಂದುಕೊಳ್ಳಿ. ಅದರಲ್ಲಿ ಅದೇ ರೂಮನ್ನು 1,750ಕ್ಕೆ ಕೊಡಬಹುದು. ಕಮಿಷನ್ 175, ತೆರಿಗೆ 31.50. ಕೈಗೆ 1,543.50 ಬರುತ್ತದೆ. ಗಿರಾಕಿಗೆ 250 ರೂಪಾಯಿ ಉಳಿತಾಯ, ಲಾಡ್ಜ್‌ಗೂ 15 ರೂಪಾಯಿ ಜಾಸ್ತಿ. ಆದರೆ ಪಾರಿಟಿ ಷರತ್ತು ಇದ್ದರೆ ಅಲ್ಲೂ 2,000 ಅಂತಲೇ ಹಾಕಬೇಕು. ಎರಡೂ ಕಡೆ ಒಂದೇ ರೇಟ್ ಇದ್ದರೆ ಹೊಸ ಆ್ಯಪ್‌ಗೆ ಯಾರು ಹೋಗುತ್ತಾರೆ? ಕಮಿಷನ್ ಇಳಿಸಿದ ಫಲ ಅದಕ್ಕೆ ಸಿಗುವುದೇ ಇಲ್ಲ. ಆಮೇಲೆ ಕಮಿಷನ್ ಇಳಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಳೆಯ ಆ್ಯಪ್ ಆರಾಮಾಗಿ ಶೇ 22 ಕೇಳಬಹುದು.

ಇದರಲ್ಲಿ ನನಗೆ ಸಿಟ್ಟು ಬರುವ ಭಾಗ ಬೇರೆ ಇದೆ. ಕೊಳ್ಳೇಗಾಲದಿಂದ ಮಗಳ ಕೌನ್ಸೆಲಿಂಗ್‌ಗೆ ಅಂತ ಬಂದವರು, ಆಸ್ಪತ್ರೆಗೆ ಬಂದವರು, ಸ್ಮಾರ್ಟ್‌ಫೋನೇ ಮುಟ್ಟದೆ ನೇರ ಕೌಂಟರಿಗೆ ಬರುತ್ತಾರೆ. ಅವರಿಗೆ ಆ್ಯಪ್ ಒಂದು ರೂಪಾಯಿ ಸೇವೆಯನ್ನೂ ಕೊಟ್ಟಿಲ್ಲ. ಆದರೂ ಕಮಿಷನ್ ಸೇರಿಸಿ ಕಟ್ಟಿದ ರೇಟನ್ನೇ ಅವರೂ ಕೊಡಬೇಕು. ನಾನು ಲೆಕ್ಕ ನೋಡುವ ಒಂದು ಲಾಡ್ಜ್‌ನಲ್ಲಿ ಮಾಲೀಕರು ಹೊರಗೆ ಬೋರ್ಡ್‌ನಲ್ಲಿ ಕಮ್ಮಿ ರೇಟ್ ಬರೆಸಿದ್ದರು. ಒಂದು ಆ್ಯಪ್ ಕಡೆಯವರಿಂದ ಫೋನ್ ಬಂತು. "ಸರ್, ವಾಕ್-ಇನ್‌ಗೆ ಕಮ್ಮಿ ಹಾಕಿದ್ದೀರಂತೆ, ಸರಿ ಮಾಡ್ಕೊಳ್ಳಿ." ಮಾಲೀಕರು ನನ್ನ ಕಡೆ ತಿರುಗಿ, "ನಮ್ಮ ರೂಮು, ನಮ್ಮ ಬೋರ್ಡು, ಅಲ್ವೇನಮ್ಮಾ?" ಅಂದರು. ಬೋರ್ಡ್ ಒಳಗೆ ಹೋಯಿತು.

"ಅಷ್ಟು ಕಷ್ಟ ಇದ್ದರೆ ಆ್ಯಪ್ ಬಿಡಿ" ಅಂತ ಹೇಳುವವರಿದ್ದಾರೆ. ಸ್ಪರ್ಧಾ ಕಾನೂನಿನ ಅರ್ಥಶಾಸ್ತ್ರ ಶುರುವಾಗುವುದೇ ಈ ಮಾತಿನಿಂದ. ಒಂದು ಕಂಪನಿಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇದೆ ಅನ್ನಬೇಕಾದರೆ ಮೊದಲು ಮಾರುಕಟ್ಟೆಯ ಗಡಿ ಎಲ್ಲಿ ಅಂತ ತೋರಿಸಬೇಕು. ಅದಕ್ಕೊಂದು ಪರೀಕ್ಷೆ ಇದೆ: ಬೆಲೆಯನ್ನು ಶೇ 5ರಿಂದ 10ರಷ್ಟು ಏರಿಸಿ ಹಾಗೇ ಇಟ್ಟರೆ, ಏರಿಸಿದವರಿಗೆ ನಷ್ಟವಾಗುವಷ್ಟು ಜನ ಬಿಟ್ಟು ಹೋಗುತ್ತಾರಾ? ಹೋಗದಿದ್ದರೆ ಅದೇ ಒಂದು ಮಾರುಕಟ್ಟೆ. ಪ್ರವಾಸಿಯನ್ನು ಕೇಳಿದರೆ ಈ ಪ್ರಶ್ನೆ ದಾರಿ ತಪ್ಪುತ್ತದೆ. ಆ್ಯಪ್ ಬಳಸುವುದಕ್ಕೆ ಅವರು ಕೊಡುವ ಬೆಲೆ ಹೆಚ್ಚುಕಮ್ಮಿ ಸೊನ್ನೆ. ಸೊನ್ನೆಯ ಶೇ 10 ಸೊನ್ನೆಯೇ. ಆ್ಯಪ್‌ಗೆ ದುಡ್ಡು ಕೊಡುವ ಗಿರಾಕಿ ಲಾಡ್ಜ್. ಬೆಲೆ ಅಂದರೆ ಕಮಿಷನ್. 20 ಇದ್ದದ್ದು 22 ಆದರೆ ಲಾಡ್ಜ್ ಬಿಟ್ಟು ಹೋಗುತ್ತಾ ಅಂತ ಕೇಳಬೇಕು. ಸಿಸಿಐ ಆ ಆದೇಶದಲ್ಲಿ ಹೋಟೆಲ್ ಬುಕಿಂಗ್‌ನ ಆನ್‌ಲೈನ್ ಮಧ್ಯವರ್ತಿ ಸೇವೆಯನ್ನೇ ಪ್ರತ್ಯೇಕ ಮಾರುಕಟ್ಟೆ ಅಂತ ಹಿಡಿಯಿತು. ಸರಿಯಾಗಿಯೇ ಹಿಡಿಯಿತು ಅನ್ನುವುದು ನನ್ನ ನಂಬಿಕೆ.

ಆದರೆ ಮೈಸೂರಿನಲ್ಲಿ ಕೂತವಳಾಗಿ ಒಂದು ಮಾತು ಸೇರಿಸಬೇಕು. ಬಿಟ್ಟು ಹೋಗುತ್ತಾರಾ ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ತಿಂಗಳಿನ ಮೇಲೆ ನಿಂತಿದೆ. ದಸರಾ ವಾರದಲ್ಲಿ ಯಾವ ಲಾಡ್ಜ್‌ಗೂ ಆ್ಯಪ್ ಬೇಡ. ಕೌಂಟರ್ ಎದುರು ಜನ ಬ್ಯಾಗ್ ಹಿಡಿದು ನಿಂತಿರುತ್ತಾರೆ. ಡಿಸೆಂಬರ್ ಕೊನೆಯಲ್ಲೂ ಹಾಗೇ. ಸ್ಕೂಲ್ ಶುರುವಾದ ಮೇಲೆ, ಜುಲೈ ತಿಂಗಳ ಒಂದು ಮಂಗಳವಾರ ಬನ್ನಿ. ಕೀ ಹಲಗೆಯಲ್ಲಿ ಕೀಗಳು ನೇತಾಡುತ್ತಿರುತ್ತವೆ. ಆಗ ಬರುವ ನಾಲ್ಕು ಜನರೂ ಆ್ಯಪ್‌ನಿಂದಲೇ ಬಂದಿರುತ್ತಾರೆ. ವರ್ಷದ ಸರಾಸರಿ ತೆಗೆದರೆ ಲಾಡ್ಜ್‌ಗೆ ಆ್ಯಪ್ ಇಲ್ಲದೆಯೂ ನಡೆಯುತ್ತೆ ಅನ್ನುವ ಹಾಗೆ ಕಾಣುತ್ತದೆ. ಅದು ಸುಳ್ಳು ಚಿತ್ರ. ಸಂಬಳ, ಕರೆಂಟ್ ಬಿಲ್, ಕಟ್ಟಡದ ಬಾಡಿಗೆ ಜುಲೈನಲ್ಲೂ ಕಟ್ಟಲೇಬೇಕು.

ದಸರಾದಲ್ಲಿ ಆ್ಯಪ್ ಮುಚ್ಚಿ, ಆಮೇಲೆ ತೆರೆದರಾಯಿತಲ್ಲ? ಮ್ಯಾನೇಜರ್‌ಗಳು ಅದಕ್ಕೆ ಹೆದರುತ್ತಾರೆ. ಪಟ್ಟಿಯಲ್ಲಿ ಕೆಳಗೆ ಬಿದ್ದರೆ ಮತ್ತೆ ಮೇಲೆ ಬರುವುದು ಕಷ್ಟ ಅನ್ನುತ್ತಾರೆ. ಹಾಗಾಗಿ ರೂಮ್ ತಾನಾಗಿಯೇ ತುಂಬುವ ವಾರದಲ್ಲೂ ಕಮಿಷನ್ ಕೊಟ್ಟು ತುಂಬಿಸುತ್ತಾರೆ. ನನ್ನ ಪ್ರಕಾರ ಪ್ರಾಬಲ್ಯದ ಗಟ್ಟಿ ಸಾಕ್ಷಿ ಇದು. ಬೇಡದ ಸಮಯದಲ್ಲೂ ಬಿಡಲಾಗದ ಸ್ಥಿತಿ. ಪ್ರವಾಸಿ ಊರುಗಳ ವಿಷಯದಲ್ಲಿ ತನಿಖೆ ಮಾಡುವವರು ತಿಂಗಳವಾರು ಅಂಕಿ ತರಿಸಿಕೊಂಡು ನೋಡಲೇಬೇಕು.

ಆ್ಯಪ್‌ಗಳ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಗಿರಾಕಿ ಆ್ಯಪ್‌ನಲ್ಲಿ ಫೋಟೋ, ರಿವ್ಯೂ ಎಲ್ಲ ನೋಡಿ, ಕೌಂಟರಿಗೆ ಬಂದು "ನೇರ ತಗೊಂಡ್ರೆ ಎಷ್ಟು ಬಿಡ್ತೀರಾ?" ಅಂತ ಕೇಳುವುದನ್ನು ನಾನೇ ನೋಡಿದ್ದೇನೆ. ಜಾಹೀರಾತು, ಸಾಫ್ಟ್‌ವೇರ್ ಖರ್ಚು ಆ್ಯಪ್‌ನದ್ದು, ವ್ಯಾಪಾರ ಇನ್ನೊಬ್ಬರದ್ದು. ಅದಕ್ಕೇ ಕೆಲವು ದೇಶಗಳಲ್ಲಿ ಹೋಟೆಲ್‌ನ ಸ್ವಂತ ವೆಬ್‌ಸೈಟಿಗೆ ಮಾತ್ರ ಅನ್ವಯಿಸುವ ಸಣ್ಣ ಪಾರಿಟಿ ಇರಲಿ ಅಂದರು. ಜರ್ಮನಿ ಅದನ್ನೂ ಒಪ್ಪಲಿಲ್ಲ. ಬುಕಿಂಗ್ ಡಾಟ್ ಕಾಮ್ ಆ ಷರತ್ತನ್ನು ಕೈಬಿಡಬೇಕಾಯಿತು. ಬಿಟ್ಟ ಮೇಲೂ ಅಲ್ಲಿ ಅದರ ಸ್ಥಾನ ಇನ್ನಷ್ಟು ಗಟ್ಟಿಯಾಯಿತು ಅನ್ನುವುದನ್ನು 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿ ಹೇಳಿತು. ಷರತ್ತು ಇಲ್ಲದಿದ್ದರೆ ಆ್ಯಪ್ ಮುಳುಗುತ್ತದೆ ಅನ್ನುವ ವಾದ ಅಂಕಿಅಂಶದ ಮುಂದೆ ನಿಲ್ಲಲಿಲ್ಲ. ಇಂಥ ಕಡೆಯೇ ಅರ್ಥಶಾಸ್ತ್ರ ಕೆಲಸಕ್ಕೆ ಬರುವುದು.

ಇದೇ ಅರ್ಥಶಾಸ್ತ್ರ ದೂರು ಕೊಟ್ಟವರ ವಿರುದ್ಧವೂ ಹೋಗಬಹುದು. ಬೆಂಗಳೂರಿನಲ್ಲಿ ಓಲಾ ನಷ್ಟದ ರೇಟಿಗೆ ಓಡಿಸುತ್ತಿದೆ ಅಂತ ಬೇರೆ ಟ್ಯಾಕ್ಸಿ ಕಂಪನಿಗಳು ಕೊಟ್ಟ ದೂರು 2017ರಲ್ಲಿ ಬಿದ್ದುಹೋಯಿತು. ಊಬರ್ ಎದುರಿಗೆ ಬೆಳೆದು ನಿಂತಿರುವಾಗ ಓಲಾ ಒಂದೇ ಪ್ರಬಲ ಅನ್ನಲಾಗದು ಅಂದಿತು ಆಯೋಗ. ನಷ್ಟಕ್ಕೆ ಮಾರಿದರು ಅನ್ನುವುದೊಂದೇ ಸಾಲದು, ಪ್ರಾಬಲ್ಯ ಮೊದಲು ಸಾಬೀತಾಗಬೇಕು. ಕಾನೂನು ಇರುವುದೇ ಹಾಗೆ.

ಹೋಟೆಲ್ ಪ್ರಕರಣದಲ್ಲಿ ತನಿಖೆಗೆ ಆದೇಶ ಆದದ್ದು 2019ರ ಅಕ್ಟೋಬರ್‌ನಲ್ಲಿ, ತೀರ್ಮಾನ ಬಂದದ್ದು ಮೂರು ವರ್ಷದ ಮೇಲೆ. ಮಧ್ಯೆ ಕೊರೊನಾ ಬಂದು ಹೋಯಿತು. ದೊಡ್ಡ ವೇದಿಕೆಗಳಿಗೆ ಮೊದಲೇ ನಿಯಮ ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂದಾಗ ನನಗೆ ಖುಷಿಯಾದದ್ದು ಇದಕ್ಕೇ.

ಲಾಡ್ಜ್ ಮಾಲೀಕರಿಗೆ ಈಗ ನಾನು ಹೇಳುತ್ತಿರುವುದು ಇಷ್ಟು. ರಿಜಿಸ್ಟರ್‌ನಲ್ಲಿ ಗಿರಾಕಿ ಹೇಗೆ ಬಂದರು ಅನ್ನುವ ಕಾಲಂ ಹಾಕಿ: ಆ್ಯಪ್, ಫೋನ್, ನೇರ. ಕಮಿಷನ್ ಬಿಲ್‌ಗಳನ್ನು ತಿಂಗಳವಾರು ಫೈಲ್ ಮಾಡಿ. ರೇಟ್ ಬಗ್ಗೆ ಫೋನ್ ಬಂದರೆ ತಾರೀಖು ಬರೆದಿಡಿ, ಮೆಸೇಜ್ ಬಂದರೆ ಅಳಿಸಬೇಡಿ. ಸಿಸಿಐಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು, ಸಂಘದ ಮೂಲಕವೂ ಕೊಡಬಹುದು. ಆದರೆ 2023ರ ತಿದ್ದುಪಡಿ ಪ್ರಕಾರ, ದೂರಿಗೆ ಕಾರಣವಾದದ್ದು ನಡೆದ ಮೂರು ವರ್ಷದ ಒಳಗೆ ಕೊಡಬೇಕು. ಕಾಲಂ ಹೇಗೆ ಹಾಕುವುದು ಅಂತ ಗೊತ್ತಾಗದಿದ್ದರೆ ನನ್ನನ್ನು ಕೇಳಿ, ಬಂದು ಹಾಕಿಕೊಡುತ್ತೇನೆ.