ಅವನೂ ಪಾಪ, ಅವನು ಮಾಡಿದ್ದೂ ಪಾಪ

ನಾನು ಮಕ್ಕಳ ಕಾರ್ಟೂನ್ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ. ‘ಆ ಝೂಕೋ ನಿಜವಾಗಿ ಎಷ್ಟು ಕೆಟ್ಟವನು? ಹತ್ತಕ್ಕೆ ಎಷ್ಟು ಕೊಡ್ತೀರಾ?’ ಝೂಕೋ ಅಂದರೆ ‘ಅವತಾರ್’ ಕಾರ್ಟೂನ್‌ನ ರಾಜಕುಮಾರ. ಅವನ ಜಾಗದಲ್ಲಿ ಬೇರೆ ಯಾರೋ ಇರಬಹುದು. ಮೊದಲು ವಿಲನ್ ಆಗಿದ್ದು ಆಮೇಲೆ ಒಳ್ಳೆಯವನಾದ ಯಾರಾದರೂ ಸರಿ. ಇಷ್ಟು ವರ್ಷ ಸುಮ್ನೆ ನಕ್ಕು ‘ಆರು’ ಅಂತಿದ್ದೆ. ಇನ್ನು ಸಾಕು. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹತ್ತಕ್ಕೆ ಎಷ್ಟು ಅಂತ ಕೇಳೋಕೆ ಅವನೇನು ಪರೀಕ್ಷೆ ಬರೆದಿದ್ದಾನಾ? ಅದೂ ಹೋಗಲಿ. ಕೇಳುವವರಿಗೆ ಅಂಕ ಬೇಕಾಗಿರುವುದೇ ಇಲ್ಲ. ಆರು ಅಂದರೆ ಮುಖ ಸಣ್ಣದಾಗುತ್ತದೆ. ‘ಅಷ್ಟೊಂದಾ? ಪಾಪ, ಅವರಪ್ಪ ಮುಖ ಸುಟ್ಟಿದ್ದ ಅಲ್ವಾ?’

ಸುಟ್ಟಿದ್ದ. ನನಗೂ ಗೊತ್ತು. 2005ರಿಂದ 2008ರವರೆಗೆ ಬಂದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ನ 61 ಕಂತುಗಳನ್ನೂ ನೋಡಿದ್ದೇನೆ. ಎಷ್ಟು ಸಲ ಅಂತ ಹೇಳಿದರೆ ಮಾನ ಹೋಗುತ್ತದೆ. ಹೊಸ ಸೈನಿಕರನ್ನು ಬಲಿ ಕೊಡುವ ಯೋಜನೆಗೆ 13 ವರ್ಷದ ಹುಡುಗ ಎದುರು ಮಾತಾಡಿದ. ದೊರೆಯಾಗಿದ್ದ ಅಪ್ಪ ಎಲ್ಲರ ಮುಂದೆ ಅವನ ಮುಖ ಸುಟ್ಟು ದೇಶದಿಂದ ಓಡಿಸಿದ. ಅವತಾರನನ್ನು, ಅಂದರೆ ಕಥೆಯ ನಾಯಕ ಆ್ಯಂಗ್‌ನನ್ನು, ಹಿಡಿದು ತಂದರೆ ಮಾತ್ರ ಮನೆ. ಇಷ್ಟು ಕೇಳಿದ ಮೇಲೆ ಯಾರ ಬಾಯಲ್ಲಾದರೂ ಪಾಪ ಅಂತ ಬರುತ್ತದೆ. ನಮ್ಮ ಭಾಷೆಯ ತಮಾಷೆಯೇ ಇದು. ಮಾಡಿದ್ದಕ್ಕೂ ಪಾಪ ಅಂತೀವಿ, ಮಾಡಿದವನಿಗೂ ಪಾಪ ಅಂತೀವಿ. ಎರಡನೆಯದನ್ನು ಸ್ವಲ್ಪ ಜೋರಾಗಿ ಹೇಳಿದರೆ ಮೊದಲನೆಯದು ಕೇಳಿಸುವುದೇ ಇಲ್ಲ.

ಅಂಕ ಕೊಡುವುದು ದಂಡ ಅನ್ನೋದಕ್ಕೆ ಇನ್ನೊಂದು ಕಾರಣವಿದೆ. ಮುಂದೆ ಒಳ್ಳೆಯವನಾಗುವವನ ಖಾತೆಯಲ್ಲಿ ಸಾಲ ಜಾಸ್ತಿ ಬೀಳದ ಹಾಗೆ ಕಥೆ ಬರೆಯುವವರೇ ಕಾಯುತ್ತಾರೆ. ಝೂಕೋನಿಂದ ಕ್ಯೋಶಿ ಅನ್ನುವ ದ್ವೀಪದ ಹಳ್ಳಿಗೆ ಬೆಂಕಿ ಬೀಳುತ್ತದೆ, ಯಾರೂ ಸಾಯುವುದಿಲ್ಲ. 12 ವರ್ಷದ ಆ್ಯಂಗ್‌ನನ್ನು ಕೊಲ್ಲಲು ಝೂಕೋ ಸುಪಾರಿ ಕೊಡುತ್ತಾನೆ. ಹೌದು, ಸುಪಾರಿಯೇ. ಗುರಿ ತಪ್ಪಿತು ಅಂತ ನಾವು ಮರೆತುಬಿಡುತ್ತೇವೆ. ಪಕ್ಕದಲ್ಲಿ ತಂಗಿ ಅಝುಲಾಳನ್ನು ನಿಲ್ಲಿಸಿದರೆ ಮುಗಿಯಿತು. ಅವಳ ಮುಂದೆ ಯಾರಾದರೂ ದೇವರಂಥವರೇ.

2010ರ ‘ಡೆಸ್ಪಿಕಬಲ್ ಮಿ’ ಸಿನಿಮಾದಲ್ಲಂತೂ ತಕ್ಕಡಿ ಪೂರ್ತಿ ತಲೆಕೆಳಗು. ಅದರ ವಿಲನ್ ಗ್ರೂ ಚಂದ್ರನನ್ನೇ ಕದಿಯುತ್ತಾನೆ. ಅದು ತಮಾಷೆ. ಆದರೆ ಆ ಕಳ್ಳತನಕ್ಕೆ ಹೋಗಿ, ತಾನು ದತ್ತು ತಂದಿದ್ದ ಮೂರು ಹುಡುಗಿಯರ ಡ್ಯಾನ್ಸ್‌ಗೆ ತಡವಾಗಿ ಬರುತ್ತಾನಲ್ಲ, ಅಲ್ಲಿ ನಮ್ಮ ಹೊಟ್ಟೆ ಚುರ್ ಅನ್ನುತ್ತದೆ. ಇದಕ್ಕೆ ಹತ್ತಕ್ಕೆ ಎಷ್ಟು ಕೊಡಲಿ ನಾನು?

ಸರಿಯಾದ ಪ್ರಶ್ನೆ ಕೇಳಿದವಳು ಒಬ್ಬಳೇ, ನನ್ನ ಅಕ್ಕನ ಮಗಳು. ಆಗ ಅವಳಿಗೆ ಎಂಟು ವರ್ಷ. ಎರಡನೇ ಸೀಸನ್‌ನ ಶುರುವಿನ ಒಂದು ಕಂತು ನೋಡುತ್ತಿದ್ದೆವು. ಝೂಕೋ ಮತ್ತು ಅವನ ದೊಡ್ಡಪ್ಪ ಐರೋ ತಲೆಮರೆಸಿಕೊಂಡು ಓಡುತ್ತಿರುತ್ತಾರೆ. ಸಾಂಗ್ ಅನ್ನುವ ಹುಡುಗಿ ದೊಡ್ಡಪ್ಪನಿಗೆ ಔಷಧಿ ಹಚ್ಚಿ, ಇಬ್ಬರನ್ನೂ ಮನೆಗೆ ಕರೆದು ಊಟ ಹಾಕುತ್ತಾಳೆ. ರಾತ್ರಿ ಹೊರಗೆ ಕೂತಾಗ ಬಟ್ಟೆ ಸರಿಸಿ ತನ್ನ ಸುಟ್ಟ ಕಾಲು ತೋರಿಸುತ್ತಾಳೆ. ಅವನ ಮುಖದ ಮೇಲಿರುವಂಥದ್ದೇ ಗಾಯ. ಮಾಡಿದ್ದು ಅವನ ದೇಶದ ಸೈನಿಕರು. ಅವನು ಏನೂ ಹೇಳುವುದಿಲ್ಲ. ಹೊರಡುವಾಗ ಅವಳ ಆಸ್ಟ್ರಿಚ್ ಕುದುರೆಯ ಹಗ್ಗ ಬಿಚ್ಚಿ, ಹತ್ತಿ ಹೊರಟುಬಿಡುತ್ತಾನೆ. ದೊಡ್ಡಪ್ಪ ಬೇಡ ಅಂತಾನೆ, ಆಮೇಲೆ ತಾನೂ ಹತ್ತುತ್ತಾನೆ. ಸಾಂಗ್ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಕೂಗುವುದಿಲ್ಲ.

‘ಆ ಅಕ್ಕಂಗೆ ಕುದುರೆ ವಾಪಸ್ ಕೊಡ್ತಾನಾ ಮಾಮ?’

‘ಮುಂದೆ ನೋಡು ಪುಟ್ಟಿ, ಅವನು ತುಂಬಾ ಒಳ್ಳೆಯವನಾಗ್ತಾನೆ.’

‘ಅದಲ್ಲ. ಕುದುರೆ?’

ಅಲ್ಲಿಂದ ಪ್ರತಿ ಕಂತಿಗೂ ಕುದುರೆಯದ್ದೇ ವಿಚಾರಣೆ. ಝೂಕೋ ಬದಲಾದ. ನನ್ನನ್ನು ಕೈದಿಯಾಗಿಯಾದರೂ ಇಟ್ಟುಕೊಳ್ಳಿ ಅಂತ ಆ್ಯಂಗ್‌ನ ಗುಂಪಿನ ಮುಂದೆ ಮಂಡಿಯೂರಿದ. ಒಬ್ಬೊಬ್ಬರ ನಂಬಿಕೆಯನ್ನೂ ಬೇರೆಬೇರೆಯಾಗಿ ಗಳಿಸಿದ. ಆ ಗುಂಪಿನ ಕಟಾರಾ ಕೊನೆಯವರೆಗೂ ಸತಾಯಿಸಿದಳು, ಸರಿಯಾಗಿಯೇ ಮಾಡಿದಳು. ದೊಡ್ಡಪ್ಪನ ಡೇರೆಯಲ್ಲಿ ಅವನು ಬೆಳಗಾಗುವವರೆಗೆ ಕಾದು ಕೂತಾಗ, ಕ್ಷಮೆ ಕೇಳಿ ಮುಗಿಸುವ ಮೊದಲೇ ದೊಡ್ಡಪ್ಪ ಎಳೆದು ತಬ್ಬಿಕೊಂಡಾಗ, ನಾನು ಕಣ್ಣೊರೆಸಿಕೊಂಡೆ. ಝೂಕೋ ಅಂದರೆ ನನಗಾಗುವುದಿಲ್ಲ ಅಂತ ಯಾರೂ ತಿಳಿಯಬೇಡಿ. ನನಗೆ ತುಂಬಾ ಇಷ್ಟದವನು ಅವನೇ.

ಕೊನೆಯ ಕಂತಿನಲ್ಲಿ ಅವನಿಗೆ ಪಟ್ಟವಾಯಿತು. ಪಕ್ಕದಿಂದ ದನಿ ಬಂತು. ‘ಈಗ ರಾಜ ಆದ್ನಲ್ಲ ಮಾಮ, ಈಗಾದ್ರೂ ಕಳಿಸ್ತಾನಾ?’

ಧಾರಾವಾಹಿಯಲ್ಲಿ ಕಳಿಸುವುದಿಲ್ಲ. ಸಾಂಗ್ ಮನೆಗೆ ಕಥೆ ಮತ್ತೆ ಹೋಗುವುದೇ ಇಲ್ಲ. ‘ಕಳಿಸಿರ್ತಾನೆ ಬಿಡು’ ಅಂದೆ. ಸುಳ್ಳು ಅಂತ ಅವಳಿಗೆ ಗೊತ್ತಾಯಿತು.

ನನ್ನನ್ನು ಕೇಳಬೇಕಿದ್ದದ್ದು ಇದು. ಅವನು ಎಷ್ಟು ಕೆಟ್ಟವನು ಅಂತಲ್ಲ, ಯಾರಿಂದ ಏನು ತಗೊಂಡ, ಅವರಿಗೆ ಏನು ವಾಪಸ್ ಸಿಕ್ಕಿತು ಅಂತ. ಹಾಗೆ ಕೇಳಿದರೆ ಐರೋ ಲೆಕ್ಕವೂ ತೆಗೆಯಬೇಕಾಗುತ್ತದೆ. ಅವನಿಗೆ ಹತ್ತಕ್ಕೆ ಎಷ್ಟು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಬಾ ಸಿಂಗ್ ಸೇ ನಗರಕ್ಕೆ 600 ದಿನ ಮುತ್ತಿಗೆ ಹಾಕಿದ ಸೇನಾಪತಿ ಅವನು. ಈ ಊರನ್ನು ನೀವೂ ಒಂದು ದಿನ ನೋಡುವಂತಾಗಲಿ, ಅಷ್ಟರಲ್ಲಿ ನಾವು ಸುಟ್ಟು ಹಾಕದೇ ಇದ್ದರೆ, ಅಂತ ಮನೆಗೆ ಕಾಗದ ಬರೆದಿದ್ದ. ಕೇಳಿ ಆಗಿನ್ನೂ ಮಕ್ಕಳಾಗಿದ್ದ ಝೂಕೋ, ಅಝುಲಾ ಕೂಡ ನಕ್ಕಿದ್ದರು. ಮಗ ಯುದ್ಧದಲ್ಲಿ ಸತ್ತ ಮೇಲೆ ಮನಸ್ಸು ಮುರಿಯಿತು, ಮುತ್ತಿಗೆ ಬಿಟ್ಟ. ಗೋಡೆಯ ಆ ಕಡೆ ಸತ್ತ ಮಕ್ಕಳ ಹೆಸರು ನಮಗೆ ಗೊತ್ತಿಲ್ಲ. ಮುಂದೆ ಅದೇ ಊರಿನಲ್ಲಿ ಟೀ ಅಂಗಡಿ ಇಟ್ಟ, ಜನ ಚಪ್ಪರಿಸಿ ಕುಡಿದರು. ವಯಸ್ಸಾದವನು, ಹೊಟ್ಟೆ ಬಂದಿದೆ, ಟೀ ಚೆನ್ನಾಗಿ ಮಾಡುತ್ತಾನೆ. ಸಾಲ ಮನ್ನಾ.

ಅಕ್ಕನ ಮಗಳಿಗೆ ಈಗ ಹದಿನಾಲ್ಕು. ಇತ್ತೀಚೆಗೆ ಅವಳೇ ಕೂತು ಮತ್ತೆ ಪೂರ್ತಿ ನೋಡಿದಳಂತೆ. ರಾತ್ರಿ ಫೋನ್ ಮಾಡಿದಳು. ‘ಝೂಕೋ ಎಷ್ಟು ಪಾಪ ಅಲ್ವಾ ಮಾಮ?’

‘ಕುದುರೆ ಕೊಟ್ಟನಾ?’ ಅಂದೆ.

‘ಯಾವ ಕುದುರೆ?’