ಬಾಲ್ಕನಿಯಲ್ಲಿದ್ದವರು ಎದ್ದು ನಿಂತದ್ದೇಕೆ?

"ಕಾಲೇಜಿನ ದಿನಗಳ ಸವಿನೆನಪು ಬರೆದುಕೊಡಿ" ಎಂದು ಸಂಪಾದಕರು ಕೇಳಿದ್ದಾರೆ. ಸವಿಯಾದವು ಬೇಕಾದಷ್ಟಿವೆ. ಕ್ಯಾಂಟೀನಿನ ಬನ್ಸ್, ವಾರ್ಷಿಕೋತ್ಸವದ ನಾಟಕದಲ್ಲಿ ರಾಜನ ಮೀಸೆ ಕಳಚಿ ಮಂತ್ರಿಯ ಕಾಲ ಬುಡಕ್ಕೆ ಬಿದ್ದದ್ದು, ಎಲ್ಲವನ್ನೂ ನನ್ನ ಜೊತೆಯವರು ಬರೆಯುತ್ತಾರೆ. ನನಗೆ ಬರೆಯಬೇಕೆನಿಸುವುದು ಒಂದು ಪಾಠದ ಬಗ್ಗೆ. ಅದು ಸವಿಯೋ ಅಲ್ಲವೋ ಎಂದು ಇಷ್ಟು ವರ್ಷವಾದರೂ ತೀರ್ಮಾನಿಸಲು ಆಗಿಲ್ಲ.

1989ರ ಜುಲೈ. ನಾವು ಎರಡನೆಯ ವರ್ಷದ ಬಿ.ಎ., ಐಚ್ಛಿಕ ಇಂಗ್ಲಿಷಿನವರು, ಒಟ್ಟು ಹನ್ನೊಂದು ಮಂದಿ. ಅದರಲ್ಲಿ ಹುಡುಗಿಯರು ನಾಲ್ವರು. ಹಳೆಯ ಕಟ್ಟಡದ ಕೊನೆಯ ಕೋಣೆ ನಮ್ಮದು, ಮೇಲೆ ತಗಡಿನ ಮಾಡು. ಮಲೆನಾಡಿನ ಮಳೆ ಆ ತಗಡಿನ ಮೇಲೆ ಸುರಿಯತೊಡಗಿದರೆ ಮೇಷ್ಟ್ರ ದನಿ ಮೊದಲ ಬೆಂಚಿಗೂ ತಲುಪುತ್ತಿರಲಿಲ್ಲ. ಮೇಷ್ಟ್ರ ಹೆಸರು ಹಳಬರಿಗೆಲ್ಲ ಗೊತ್ತು. ಹೊಸಬರು ಕೇಳಿ ತಿಳಿದುಕೊಳ್ಳಲಿ. ಪಠ್ಯ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಪ್ರತಿ, ಅದೂ ಮೇಷ್ಟ್ರ ಕೈಯಲ್ಲಿ. ನಮಗೆಲ್ಲ ಜೆರಾಕ್ಸ್. ಗೈಡಿನಲ್ಲಿ ಎರಡು ಪ್ರಶ್ನೆಗಳಿಗೆ ನಕ್ಷತ್ರದ ಗುರುತು ಹಾಕಿದ್ದರು: ಆಟಿಕಸ್ ಫಿಂಚ್‌ನ ಪಾತ್ರಚಿತ್ರಣ, ಮತ್ತು ಶೀರ್ಷಿಕೆಯ ಔಚಿತ್ಯ.

1960ರಲ್ಲಿ ಹೊರಬಂದು ಮರುವರ್ಷವೇ ಪುಲಿಟ್ಜರ್ ಪಡೆದ ಕಾದಂಬರಿ ಅದು. ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ಹೇಳುವವಳು ಸ್ಕೌಟ್. ಕಥೆ ಶುರುವಾದಾಗ ಅವಳಿಗೆ ಇನ್ನೂ ಆರು ತುಂಬಿಲ್ಲ. ಅಣ್ಣ ಜೆಮ್, ತಾಯಿ ಇಲ್ಲ, ತಂದೆ ಆಟಿಕಸ್ ವಕೀಲ. ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಹೊತ್ತ ಕಪ್ಪು ಕೂಲಿಕಾರ ಟಾಮ್ ರಾಬಿನ್‌ಸನ್‌ನ ಪರವಾಗಿ ಆಟಿಕಸ್ ವಾದಿಸುತ್ತಾನೆ. (ಆಗ ನಾವೆಲ್ಲ 'ನೀಗ್ರೋ' ಎಂದೇ ಉತ್ತರಪತ್ರಿಕೆಯಲ್ಲಿ ಬರೆಯುತ್ತಿದ್ದೆವು. ಬೇರೆ ಪದ ಬಳಸಬೇಕೆಂದು ಯಾರೂ ಹೇಳಿರಲಿಲ್ಲ.)

ನನ್ನನ್ನು ಮೊದಲು ಹಿಡಿದದ್ದು ನ್ಯಾಯಾಲಯವಲ್ಲ, ಒಂದು ಮರದ ಪೊಟರೆ. ವರ್ಷಗಟ್ಟಲೆ ಮನೆಯಿಂದ ಹೊರಬರದ ಬೂ ರ‍್ಯಾಡ್ಲಿ ಎಂಬವನು ಈ ಮಕ್ಕಳಿಗಾಗಿ ಆ ಪೊಟರೆಯಲ್ಲಿ ಚ್ಯೂಯಿಂಗ್ ಗಮ್, ಹಳೆಯ ನಾಣ್ಯ, ಸೋಪಿನಲ್ಲಿ ಕೆತ್ತಿದ ಪುಟ್ಟ ಬೊಂಬೆಗಳನ್ನು ಇಡುತ್ತಾನೆ. ಒಂದು ದಿನ ಅವನ ಅಣ್ಣ ಪೊಟರೆಗೆ ಸಿಮೆಂಟ್ ಮೆತ್ತುತ್ತಾನೆ. ಯಾಕೆಂದು ಜೆಮ್ ಕೇಳಿದರೆ, ಮರಕ್ಕೆ ರೋಗ, ಸಾಯುತ್ತಿದೆ ಎನ್ನುತ್ತಾನೆ. ಜೆಮ್ ಅಪ್ಪನನ್ನು ಕೇಳುತ್ತಾನೆ. ಎಲೆ ನೋಡು, ಎಷ್ಟು ಹಸಿರಾಗಿದೆ, ಮರ ಚೆನ್ನಾಗಿಯೇ ಇದೆ ಎನ್ನುತ್ತಾನೆ ಅಪ್ಪ. ಆ ಸಂಜೆ ಕತ್ತಲಾಗುವವರೆಗೂ ಹುಡುಗ ಜಗಲಿಯಲ್ಲೇ ನಿಂತಿದ್ದು ಒಳಗೆ ಬರುತ್ತಾನೆ. ಅವನು ಅತ್ತಿದ್ದಾನೆಂದು ತಂಗಿಗೆ ತಿಳಿಯುತ್ತದೆ. ದೊಡ್ಡವರು ಮುಖದ ಒಂದು ಗೆರೆಯೂ ಅಲುಗದಂತೆ ಸುಳ್ಳು ಹೇಳಬಲ್ಲರು ಎಂದು ಜೆಮ್ ಕಲಿತದ್ದು ಅಲ್ಲಿ. ನ್ಯಾಯಾಲಯದಲ್ಲಿ ಅದೇ ಪಾಠ ಇನ್ನಷ್ಟು ದೊಡ್ಡ ದನಿಯಲ್ಲಿ ಬರುತ್ತದೆ, ಅಷ್ಟೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆಯಲಿಲ್ಲ. ಗೈಡಿನಲ್ಲಿ ಇರಲಿಲ್ಲ.

ಮಾಕಿಂಗ್‌ಬರ್ಡ್‌ಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಚರ್ಚೆಗೆ ಒಂದಿಡೀ ಪಿರಿಯಡ್ ಹೋಯಿತು. ಅದು ನಮ್ಮ ನಾಡಿನ ಹಕ್ಕಿಯಲ್ಲ. ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವ ಹಕ್ಕಿಯಾದರೆ ನಮ್ಮ ಕಾಜಾಣವೇ ಆಯಿತಲ್ಲ ಎಂದು ಮೇಷ್ಟ್ರು ಖುಷಿಪಟ್ಟರು. ಯಾರಿಗೂ ಕೇಡು ಮಾಡದೆ ಹಾಡುವ ಹಕ್ಕಿಯನ್ನು ಕೊಲ್ಲುವುದು ಪಾಪ ಎಂಬ ಮಾತಿನಿಂದಲೇ ಪುಸ್ತಕದ ಹೆಸರು ಹುಟ್ಟಿದೆ. ಟಾಮ್‌ನೂ ಬೂ ರ‍್ಯಾಡ್ಲಿಯೂ ಅಂಥ ಹಕ್ಕಿಗಳು ಎಂದು ಬರೆದುಕೊಳ್ಳಿ ಎಂದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಹೇಳಿದ: "ಸರ್, ಕಾಜಾಣ ಹದ್ದನ್ನೂ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತದೆ. ಅದು ಪಾಪದ ಹಕ್ಕಿಯಲ್ಲ." ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ಆತ ಸರ್ಕಾರಿ ಹಾಸ್ಟೆಲಿನಲ್ಲಿದ್ದವನು. ಹೆಸರು ಹಾಕಬೇಡಿ ಎಂದು ಮೊನ್ನೆ ಫೋನಿನಲ್ಲಿ ಹೇಳಿದ್ದಾರೆ, ಹಾಕುವುದಿಲ್ಲ. ಹುಡುಗರೂ ಹುಡುಗಿಯರೂ ಪರಸ್ಪರ 'ನೀವು' ಎನ್ನುತ್ತಿದ್ದ ಕಾಲ. ನಾವಿಬ್ಬರೂ ಈಗಲೂ ಹಾಗೆಯೇ ಮಾತಾಡುತ್ತೇವೆ.

ತೀರ್ಪಿನ ಅಧ್ಯಾಯದ ದಿನ ಮಳೆ ಎಷ್ಟು ಜೋರಾಗಿತ್ತೆಂದರೆ ಮೇಷ್ಟ್ರು ವೇದಿಕೆ ಬಿಟ್ಟು ನಮ್ಮ ಬೆಂಚುಗಳ ನಡುವೆ ಬಂದು ನಿಂತು ಓದಿದರು. ಆ ಹುಡುಗಿಯ ಮುಖದ ಬಲಗಡೆಗೆ ಪೆಟ್ಟು ಬಿದ್ದಿದೆ, ಹೊಡೆದದ್ದು ಎಡಗೈಯವನೇ ಇರಬೇಕು. ಟಾಮ್‌ನ ಎಡಗೈ ಬಾಲ್ಯದಲ್ಲೇ ಹತ್ತಿಯ ಜಿನ್ನಿಗೆ ಸಿಕ್ಕಿ ನಿರುಪಯೋಗಿಯಾಗಿದೆ. ಹುಡುಗಿಯ ತಂದೆ ಎಲ್ಲರೆದುರು ಎಡಗೈಯಲ್ಲಿ ಸಹಿ ಮಾಡುತ್ತಾನೆ. ಇಷ್ಟಾದರೂ ಹನ್ನೆರಡು ಜನ ಬಿಳಿಯ ಗಂಡಸರ ಜ್ಯೂರಿ 'ಅಪರಾಧಿ' ಎನ್ನುತ್ತದೆ. ಹೆಂಗಸರಿಗೆ ಜ್ಯೂರಿಯಲ್ಲಿ ಕೂರಲು ಅಲಬಾಮಾದಲ್ಲಿ ಅವಕಾಶವೇ ಇರಲಿಲ್ಲ. ಆ ಕಾನೂನು ಬಿದ್ದುಹೋದದ್ದು 1966ರಲ್ಲಿ, ಪುಸ್ತಕ ಬಂದು ಆರು ವರ್ಷವಾದ ಮೇಲೆ. ನಿಜವಾಗಿ ನೋಡಿದರೆ ಟಾಮ್ ಮುಳುಗುವುದು ಸಾಕ್ಷ್ಯದಿಂದಲ್ಲ, ಒಂದು ಮಾತಿನಿಂದ. ಕೂಲಿ ಇಲ್ಲದೆ ಅವಳ ಕೆಲಸ ಯಾಕೆ ಮಾಡಿಕೊಡುತ್ತಿದ್ದೆ ಎಂದು ಸರ್ಕಾರಿ ವಕೀಲ ಕೇಳಿದಾಗ, ಅವಳನ್ನು ಕಂಡು ಕನಿಕರವಾಯಿತು ಎನ್ನುತ್ತಾನೆ. ಕಪ್ಪು ಮನುಷ್ಯನಿಗೆ ಬಿಳಿಯ ಹುಡುಗಿಯ ಮೇಲೆ ಕನಿಕರ! ಆ ಸಭೆ ಎಲ್ಲವನ್ನೂ ಕ್ಷಮಿಸಬಹುದಾಗಿತ್ತೇನೋ, ಇದನ್ನಲ್ಲ.

ತೀರ್ಪಾದ ಮೇಲೆ ಆಟಿಕಸ್ ಒಬ್ಬನೇ ಹೊರಗೆ ನಡೆಯುತ್ತಾನೆ. ಕಪ್ಪು ಜನರಿಗೆಂದು ಮೀಸಲಾದ ಬಾಲ್ಕನಿಯಲ್ಲಿ ಎಲ್ಲರೂ ಎದ್ದು ನಿಂತಿದ್ದಾರೆ. ಅವರ ನಡುವೆ ಕೂತಿರುವ ಸ್ಕೌಟ್‌ಗೆ ಪಾದ್ರಿ, ಎದ್ದು ನಿಲ್ಲಮ್ಮ, ನಿನ್ನ ತಂದೆ ಹೋಗುತ್ತಿದ್ದಾರೆ ಎನ್ನುತ್ತಾನೆ. ಓದುವಾಗ ಮೇಷ್ಟ್ರ ಗಂಟಲು ಕಟ್ಟಿತು. ನಾನೂ ಸೆರಗಿನ ತುದಿ ಹಿಡಿದುಕೊಂಡಿದ್ದೆ. ಹಿಂದಿನ ಬೆಂಚಿನಿಂದ ಅದೇ ದನಿ ಬಂತು.

"ಸರ್, ಅವರು ಯಾಕೆ ಎದ್ದು ನಿಂತರು?"

"ಗೌರವ ಕಣಯ್ಯಾ."

"ಅವರವನೊಬ್ಬ ಈಗ ತಾನೇ ಜೈಲಿಗೆ ಹೋದ. ಅವನು ಆಚೆ ಹೋಗುವಾಗ ಯಾರೂ ಎದ್ದು ನಿಲ್ಲಲಿಲ್ಲವೇ? ಪುಸ್ತಕದಲ್ಲಿ ಅದು ಇಲ್ಲವಲ್ಲ."

ಮಳೆಯ ಸದ್ದು ಮಾತ್ರ ಉಳಿಯಿತು. ಮೇಷ್ಟ್ರು ಪುಸ್ತಕ ಮಡಿಸಲಿಲ್ಲ, ಸಿಟ್ಟಾಗಲೂ ಇಲ್ಲ. "ಇನ್ನೊಮ್ಮೆ ಹೇಳು" ಎಂದರು. ಅವನು ಇನ್ನೊಮ್ಮೆ ಹೇಳಿದ. ಜೇಬಿನಿಂದ ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ಏನೋ ಬರೆದುಕೊಂಡರು.

ಮೂರು ವಾರದ ಮೇಲೆ ಮದರಾಸಿನ ಅಮೆರಿಕನ್ ಗ್ರಂಥಾಲಯದಿಂದ ಅಂಚೆಯಲ್ಲಿ ತರಿಸಿದ ಒಂದು ದಪ್ಪ ಪುಸ್ತಕ ಹಿಡಿದು ಬಂದರು. ಪಠ್ಯವನ್ನು ಬದಿಗಿಟ್ಟು ಎರಡು ದಿನ ಸ್ಕಾಟ್ಸ್‌ಬರೋ ಮೊಕದ್ದಮೆಯನ್ನೇ ಹೇಳಿದರು. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ ಹಿಡಿದರು. ಇಬ್ಬರು ಬಿಳಿಯ ಹೆಂಗಸರ ಆರೋಪ. ಎರಡೇ ವಾರದಲ್ಲಿ ಎಂಟು ಮಂದಿಗೆ ಮರಣದಂಡನೆ. 1933ರ ಮರುವಿಚಾರಣೆಯಲ್ಲಿ ಆ ಇಬ್ಬರಲ್ಲಿ ಒಬ್ಬಳು, ರೂಬಿ ಬೇಟ್ಸ್, ಅಂಥದ್ದೇನೂ ನಡೆಯಲೇ ಇಲ್ಲ ಎಂದು ಸಾಕ್ಷಿ ಹೇಳಿದಳು. ಆದರೂ ಜ್ಯೂರಿ 'ಅಪರಾಧಿ' ಎಂದಿತು. ಆ ತೀರ್ಪನ್ನು ರದ್ದುಮಾಡಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮುಂದಿನ ಚುನಾವಣೆಯಲ್ಲಿ ಸೋತುಹೋದರು. ಪ್ರಕರಣ ಎರಡು ಬಾರಿ ಸುಪ್ರೀಂ ಕೋರ್ಟಿಗೆ ಹೋಯಿತು. ಒಮ್ಮೆ ಸರಿಯಾದ ವಕೀಲರಿಲ್ಲದೆ ವಿಚಾರಣೆ ನಡೆಸಿದ್ದಕ್ಕೆ, ಇನ್ನೊಮ್ಮೆ ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟದ್ದಕ್ಕೆ. ಆ ಒಂಬತ್ತು ಮಂದಿಯಲ್ಲಿ ಕೊನೆಗೆ ಉಳಿದಿದ್ದ ಕ್ಲಾರೆನ್ಸ್ ನಾರಿಸ್ ತೀರಿಕೊಂಡದ್ದು 1989ರ ಜನವರಿಯಲ್ಲಿ, ನಮ್ಮ ಪಾಠಕ್ಕೆ ಆರು ತಿಂಗಳು ಮೊದಲು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಕೊನೆಯಲ್ಲಿ ಮೇಷ್ಟ್ರು ಮಿಸ್ ಗೇಟ್ಸ್‌ಳ ಭಾಗ ಓದಿದರು. ಸ್ಕೌಟ್‌ಳ ಶಾಲೆಯ ಟೀಚರ್ ಆಕೆ. ಹಿಟ್ಲರ್ ಯೆಹೂದಿಗಳಿಗೆ ಮಾಡಿದ ಅನ್ಯಾಯವನ್ನು ಮಕ್ಕಳಿಗೆ ಮುಖ ಕೆಂಪಗೆ ಮಾಡಿಕೊಂಡು ಹೇಳುತ್ತಾಳೆ. ವಿಚಾರಣೆ ಮುಗಿದ ರಾತ್ರಿ ನ್ಯಾಯಾಲಯದ ಮೆಟ್ಟಿಲ ಮೇಲೆ ಅದೇ ಬಾಯಿ, ಇವರಿಗೆ ಬುದ್ಧಿ ಕಲಿಸಬೇಕಾದ ಕಾಲ ಬಂದಿತ್ತು ಎಂದು ಊರಿನ ಕಪ್ಪು ಜನರ ಬಗ್ಗೆ ಆಡಿರುತ್ತದೆ. "ಈ ಪುಟ ಬರೆದದ್ದು ಮೇಷ್ಟ್ರುಗಳಿಗಾಗಿ" ಎಂದಷ್ಟೇ ಹೇಳಿ ಹಾಜರಿ ಕರೆದರು.

ಪರೀಕ್ಷೆ ಹತ್ತಿರವಾದಾಗ ಗ್ರಂಥಾಲಯದ ಜಗಲಿಯಲ್ಲಿ ಆ ಹಿಂದಿನ ಬೆಂಚಿನವರನ್ನು ಕೇಳಿದೆ: ನಿಮಗೆ ಈ ಪುಸ್ತಕ ಹಿಡಿಸಲಿಲ್ಲವೇ? ಹಿಡಿಸಿತು ಎಂದರು. ಜೆರಾಕ್ಸಿನಲ್ಲಿ ಗೆರೆ ಎಳೆದ ಒಂದೇ ಒಂದು ಕಡೆ ತೋರಿಸಿದರು. ಟಾಮ್ ಸತ್ತ ಮೇಲೆ ಅವನ ಹೆಂಡತಿ ಹೆಲೆನ್ ಕೆಲಸಕ್ಕೆ ಹೋಗುವಾಗ ಆರೋಪ ಹೊರಿಸಿದ ಆ ಬಿಳಿಯ ಹುಡುಗಿಯ ತಂದೆಯ ಮನೆಯ ಮುಂದೆ ಹಾಯಲಾರದೆ ಹೆಚ್ಚುಕಡಿಮೆ ಒಂದು ಮೈಲಿ ಸುತ್ತಿಕೊಂಡು ನಡೆಯುತ್ತಾಳೆ. ಪುಸ್ತಕದಲ್ಲಿ ಅದಕ್ಕೆ ಕೆಲವೇ ಸಾಲು. "ನಮ್ಮ ಅವ್ವ ಇಂಥದ್ದೇ ಒಂದು ದಾರಿಯಲ್ಲಿ ತೋಟದ ಕೆಲಸಕ್ಕೆ ಹೋಗುತ್ತಾರೆ" ಎಂದರು. "ಸ್ಕೌಟ್ ಮುಗ್ಧತೆ ಕಳೆದುಕೊಂಡಳು ಎಂದು ಗೈಡಿನಲ್ಲಿ ನಾಲ್ಕು ಪುಟ ಇದೆ. ಹೆಲೆನ್‌ಗೆ ಮೂವರು ಮಕ್ಕಳು. ಅವು ಕಳೆದುಕೊಂಡದ್ದು ಏನು, ಯಾವಾಗ? ಕಳೆದುಕೊಳ್ಳಬೇಕಾದರೆ ಮೊದಲು ಕೈಯಲ್ಲಿ ಇರಬೇಕಲ್ಲ." ನನ್ನ ಊರಿನಲ್ಲೂ ಅಂಥ ಸುತ್ತುದಾರಿ ಇತ್ತು. ಅದು ನಮ್ಮ ಮನೆಯ ಹಿಂದೆಯೇ ಹಾಯುತ್ತಿತ್ತು. ಹತ್ತೊಂಬತ್ತು ವರ್ಷ ಅದನ್ನು ನಾನು ಬರೀ ಕಾಲುದಾರಿ ಎಂದುಕೊಂಡಿದ್ದೆ.

ಪರೀಕ್ಷೆಯಲ್ಲಿ ಆಟಿಕಸ್ ಬಂದ. ನಾನು ಐದು ಹಾಳೆ ಬರೆದೆ, ಒಳ್ಳೆಯ ಅಂಕ ಬಂತು.

2015ರಲ್ಲಿ ಹಾರ್ಪರ್ ಲೀ ಅವರ ಇನ್ನೊಂದು ಹಸ್ತಪ್ರತಿ ಪುಸ್ತಕವಾಗಿ ಬಂತು. ಮೊದಲು ಬರೆದು ಪಕ್ಕಕ್ಕೆ ಇಟ್ಟಿದ್ದು. ಅದರಲ್ಲಿ ಮುದುಕನಾದ ಆಟಿಕಸ್ ಬಿಳಿಯರ ಹಿತ ಕಾಯುವ ಸಭೆಯಲ್ಲಿ ಕೂತಿರುತ್ತಾನೆ. ಪತ್ರಿಕೆಗಳಲ್ಲಿ ಗೋಳೋ ಗೋಳು. ಹಾಸ್ಟೆಲಿನ ಗೆಳೆಯರು ಫೋನ್ ಮಾಡಿ "ನಿಮ್ಮ ಆಟಿಕಸ್ ಸಿಕ್ಕಿಬಿದ್ದ" ಎಂದು ಮನಸಾರೆ ನಕ್ಕರು. ನನಗೆ ಎರಡು ದಿನ ಊಟ ರುಚಿಸಲಿಲ್ಲ ಎಂದರೆ ನೀವೂ ನಗುತ್ತೀರಿ.

2019ರಲ್ಲಿ ಮಗಳ ಮನೆಗೆಂದು ಅಟ್ಲಾಂಟಾಕ್ಕೆ ಹೋದೆ. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಬೂದು ಬಣ್ಣದ, ಉದ್ದ ಬಾಲದ ಸಣ್ಣ ಹಕ್ಕಿಯೊಂದು ಪಕ್ಕದ ಮನೆಯ ಬೆಕ್ಕಿನ ತಲೆಗೆ ಎರಗಿ ಎರಗಿ ಅದನ್ನು ಕಾರಿನಡಿಗೆ ಅಟ್ಟಿತು. "ಅಮ್ಮ, ಅದೇ ನಿನ್ನ ಮಾಕಿಂಗ್‌ಬರ್ಡ್" ಎಂದಳು ಮಗಳು. ಹಿಂದಿನ ಬೆಂಚು ನೆನಪಾಗಿ ನಗು ಬಂತು. ಆ ವಾರವೇ ಹಾರ್ಪರ್ ಲೀ ಅವರ ಊರು ಮನ್ರೋವಿಲ್‌ಗೆ ಹೊರಟೆವು.

ದಾರಿಯಲ್ಲಿ ಮಾಂಟ್ಗಮರಿ. ಗುಂಪುಗಳು ಕೊಂದ ಕಪ್ಪು ಜನರಿಗಾಗಿ 2018ರಲ್ಲಿ ಅಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ಎಂಟು ನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಒಂದೊಂದು ಕೌಂಟಿಗೆ ಒಂದು, ಮೈಮೇಲೆ ಸತ್ತವರ ಹೆಸರು. ಮೊದಲು ಕಂಬಗಳು ನಮ್ಮೆದುರಿಗೇ ಇರುತ್ತವೆ. ಕಾಲಡಿಯ ನೆಲ ಇಳಿಯುತ್ತ ಹೋದಂತೆ ಅವು ತಲೆಯ ಮೇಲೆ ತೂಗತೊಡಗುತ್ತವೆ. ಆ ಸ್ಮಾರಕ ಕಟ್ಟಿಸಿದ ಸಂಸ್ಥೆಯ ವಕೀಲ ಬ್ರಯಾನ್ ಸ್ಟೀವನ್‌ಸನ್ ಬಿಡಿಸಿತಂದ ವಾಲ್ಟರ್ ಮೆಕ್‌ಮಿಲಿಯನ್ ಎಂಬವರ ಕಥೆ ನನಗೆ ತಿಳಿದದ್ದು ಆ ಪ್ರವಾಸದಲ್ಲೇ. ಮನ್ರೋವಿಲ್‌ನ ಕಪ್ಪು ಮನುಷ್ಯ. ಬಿಳಿಯ ಯುವತಿಯೊಬ್ಬಳ ಕೊಲೆಯ ಆರೋಪ. ಆ ಹೊತ್ತಿಗೆ ಆತ ಮನೆಯಲ್ಲಿದ್ದನೆಂದು ಹಲವರು ಸಾಕ್ಷಿ ಹೇಳಿದರು. 1988ರಲ್ಲಿ ಎರಡು ದಿನವೂ ಹಿಡಿಯದ ವಿಚಾರಣೆ. ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶ ಅದನ್ನು ತಳ್ಳಿಹಾಕಿ ಮರಣದಂಡನೆ ಕೊಟ್ಟ. ನಿರಪರಾಧಿ ಎಂದು ಬಿಡುಗಡೆಯಾದದ್ದು 1993ರಲ್ಲಿ. ಲೆಕ್ಕ ಹಾಕಿ ನೋಡಿದೆ. ನಮ್ಮ ತಗಡಿನ ಕೋಣೆಯಲ್ಲಿ ಮೇಷ್ಟ್ರ ಗಂಟಲು ಕಟ್ಟಿದ ಆ ದಿನ, ಆ ಕಥೆ ಹುಟ್ಟಿದ ಊರಿನವನೇ ಒಬ್ಬ ಗಲ್ಲಿಗೆ ಹೋಗುವವರ ಸಾಲಿನಲ್ಲಿ ಕೂತಿದ್ದ.

ಮನ್ರೋವಿಲ್‌ನ ಹಳೆಯ ನ್ಯಾಯಾಲಯ ಈಗ ವಸ್ತುಸಂಗ್ರಹಾಲಯ. ಈ ಕಾದಂಬರಿಯನ್ನು ಸಿನಿಮಾ ಮಾಡಿದವರು ಇದನ್ನೇ ನೋಡಿಕೊಂಡು ಹಾಲಿವುಡ್‌ನಲ್ಲಿ ಸೆಟ್ ಹಾಕಿದರಂತೆ. ಲೇಖಕಿ ಬೆಳೆದ ಮನೆಯಿದ್ದ ಜಾಗದಲ್ಲಿ ಐಸ್‌ಕ್ರೀಂ ಅಂಗಡಿ. ನಾವೂ ತಿಂದೆವು. ನಾನು ಬಾಲ್ಕನಿಯಲ್ಲಿ ಒಂದಷ್ಟು ಹೊತ್ತು ಕೂತು ಊರಿಗೆ ಫೋನ್ ಮಾಡಿದೆ. ಅಲ್ಲಿ ನಡುರಾತ್ರಿ ಹತ್ತಿರವಾಗಿತ್ತು.

"ಎಲ್ಲಿದ್ದೀರಿ?"

"ಬಾಲ್ಕನಿಯಲ್ಲಿ."

"ಎದ್ದು ನಿಂತಿರಾ?"

"ಇಲ್ಲ. ಕೆಳಗೆ ಯಾರೂ ಹೋಗುತ್ತಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮನುಷ್ಯನನ್ನು ಯಾವ ಬಾಗಿಲಿನಿಂದ ಕರೆದುಕೊಂಡು ಹೋದರೋ ನೋಡಿ ಬನ್ನಿ" ಎಂದರು. ಟಾಮ್ ಕಲ್ಪಿತ ಪಾತ್ರ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಮೂರು ಸಲ ಮೆಟ್ಟಿಲು ಹತ್ತಿ ಇಳಿದು ಬಾಗಿಲುಗಳನ್ನು ನೋಡಿದೆ. ಮಗಳು ಹೊರಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದಳು.

ಈಗ ಓದುತ್ತಿರುವ ಮಕ್ಕಳಲ್ಲಿ ಒಂದು ಕೋರಿಕೆ. ಮೇಷ್ಟ್ರು ಬಳಸಿದ ಪ್ರತಿ ಗ್ರಂಥಾಲಯಕ್ಕೇ ಸೇರಿದ್ದು, ಹಸಿರು ಬಟ್ಟೆಯ ಬೈಂಡು, ಬೆನ್ನಿನ ಮೇಲೆ ಬಿಳಿ ಶಾಯಿಯ ಅಕ್ಷರ. ತೀರ್ಪಿನ ಅಧ್ಯಾಯದ ಕೊನೆಯ ಪುಟದ ಎಡ ಅಂಚಿನಲ್ಲಿ ಪೆನ್ಸಿಲಿನ ಬರಹ ಇರಬೇಕು. ಅಳಿಸಿಹೋಗದಿದ್ದರೆ ಏನು ಬರೆದಿದ್ದಾರೆಂದು ನೋಡಿ ಸಂಪಾದಕರಿಗೆ ತಿಳಿಸಿ. ಅವರ ಬಳಿ ನನ್ನ ನಂಬರ್ ಇದೆ.